ನಾಲ್ಕನೆಯ ಬೋಲ್ಟು

ನನ್ನ ಮೈದುನ ಇಪ್ಪತ್ತೆಂಟು ವರ್ಷಗಳಿಂದ ವಿದ್ಯುತ್ ಮೀಟರುಗಳಿಗೆ ಸೀಲು ಹಾಕುವ ಕೆಲಸದಲ್ಲಿದ್ದಾನೆ. ಮೀಟರಿನ ಕಿವಿಗೆ ಸಣ್ಣ ತಂತಿ ಪೋಣಿಸಿ, ತುದಿಗೆ ಸೀಸದ ಗುಂಡು ಸಿಕ್ಕಿಸಿ, ಇಕ್ಕಳದಿಂದ ಒತ್ತಿ ನಂಬರು ಮೂಡಿಸಿದರೆ ಆಯಿತು. ಆಮೇಲೆ ಯಾರಾದರೂ ಮುಟ್ಟಿದರೆ ಸೀಲೇ ಹೇಳಿಬಿಡುತ್ತದೆ. ಬೀದಿಯವರೆಲ್ಲ ಅವನನ್ನು ಸೀಲಪ್ಪ ಎಂದೇ ಕರೆಯುವುದು. ಅವನಿಗೆ ಅದರಲ್ಲಿ ಬೇಸರವೇನೂ ಇಲ್ಲ. ಕೆಲವರಿಗೆ ಬಿರುದು ಸಭೆಯಲ್ಲಿ ಸಿಗುತ್ತದೆ, ಕೆಲವರಿಗೆ ಬೀದಿಯಲ್ಲಿ.

ತೊಂದರೆಯೆಂದರೆ, ಸೀಲು ಬಿದ್ದ ವಸ್ತು ಭದ್ರವಾಗಿದೆ ಎಂಬ ನಂಬಿಕೆ ಅವನ ರಕ್ತಕ್ಕೇ ಸೇರಿಬಿಟ್ಟಿತ್ತು. ಒಮ್ಮೆ ಮನೆಯ ಬಿಸ್ಕತ್ತಿನ ಡಬ್ಬಿಗೂ ಸೀಲು ಹಾಕಿದ್ದ. ಅವನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ನರ್ಸು. ಡ್ಯೂಟಿಯಿಂದ ಹಸಿದು ಬಂದವಳು ಬ್ಯಾಂಡೇಜು ಕತ್ತರಿಸುವ ಕತ್ತರಿಯಿಂದಲೇ ಸೀಲು ತುಂಡರಿಸಿ, ಎರಡು ಬಿಸ್ಕತ್ತು ತಿಂದು, ಕತ್ತರಿಯನ್ನು ತೊಳೆದಿಟ್ಟಳು. ಅದು ಅವಳ ಸ್ವಭಾವ. ನಾನು ಅದೇ ಮನೆಯ ಮೇಲಿನ ಅಂತಸ್ತಿನಲ್ಲಿರುವುದರಿಂದ ಇಂಥವನ್ನೆಲ್ಲ ನೋಡುವ ಭಾಗ್ಯ ನನಗೆ ಸಿಕ್ಕಿದೆ.

ಇಂಥ ಮನುಷ್ಯ ಐವತ್ತೆರಡನೆಯ ವಯಸ್ಸಿನಲ್ಲಿ ರೇಸ್ ಟ್ರ್ಯಾಕಿನ ಸಹವಾಸಕ್ಕೆ ಬಿದ್ದದ್ದು ಆಫೀಸಿನ ಹುಡುಗಿಯೊಬ್ಬಳ ಮಾತಿನಿಂದ. "ಸರ್, ನೀವು ಕಾರು ಓಡಿಸ್ತೀರೋ, ಇಲ್ಲಾ ಕಾರನ್ನ ವಾಕಿಂಗ್ ಕರ್ಕೊಂಡ್ ಹೋಗ್ತೀರೋ?" ಎಂದು ಅವಳು ಕೇಳಿದಳಂತೆ. ಎಲ್ಲರೂ ನಕ್ಕರಂತೆ. ಮೈದುನನೂ ನಕ್ಕನಂತೆ. ಆದರೆ ಮನೆಗೆ ಬಂದವನು ಊಟಕ್ಕೆ ಕೂತಾಗಲೂ ಹೆಲ್ಮೆಟ್ಟಿನ ವಿಷಯ ಮಾತಾಡುತ್ತಿದ್ದ.

ಊರಾಚೆ ಒಂದು ಟ್ರ್ಯಾಕ್ ಇದೆ. ತಿಂಗಳಿಗೊಂದು ಭಾನುವಾರ ಅದನ್ನು ಸಾಮಾನ್ಯರಿಗೆ ಬಿಟ್ಟುಕೊಡುತ್ತಾರೆ. ಯಾರು ಬೇಕಾದರೂ ಸ್ವಂತ ಕಾರು ತಂದು, ತಪಾಸಣೆ ಮಾಡಿಸಿ, ಸುತ್ತು ಹೊಡೆಯಬಹುದು. ಪೈಪೋಟಿ ಇಲ್ಲ, ಗೆಲ್ಲುವವರೂ ಇಲ್ಲ, ಸೋಲುವವರೂ ಇಲ್ಲ. ಮೈದುನನಿಗೆಂದೇ ಹೇಳಿ ಮಾಡಿಸಿದಂತಿತ್ತು.

ಮೊದಲ ಭಾನುವಾರ ಅವನು ತನ್ನ ಹಳೆಯ ಪುಟ್ಟ ಕಾರಿನಲ್ಲಿ ಮೂರು ಸುತ್ತು ಹೊಡೆದು ಬಂದ. ಅಲ್ಲಿ ಗಾಡಿ ತಪಾಸಣೆ ಮಾಡುವ ಹೆಂಗಸು ಮುಂದಿನ ಚಕ್ರದ ಹಿಂದೆ ಕೈಹಾಕಿ ನೋಡಿದರೆ, ಬ್ರೇಕಿನ ಒಂದು ಬೋಲ್ಟು ಬೆರಳಿಗೇ ತಿರುಗುತ್ತಿತ್ತು. ಚಕ್ರದ ಒಳಗಡೆ ಬ್ರೇಕನ್ನು ಹಿಡಿದುಕೊಂಡಿರುವ ಒಂದು ಕಬ್ಬಿಣದ ದವಡೆ ಇರುತ್ತದೆ. ಅದನ್ನು ಗಾಡಿಗೆ ಕಚ್ಚಿಸಿರುವುದು ಚಕ್ರಕ್ಕೆ ಎರಡರಂತೆ ಬೋಲ್ಟುಗಳು, ಮುಂದಿನ ಎರಡು ಚಕ್ರಕ್ಕೆ ಒಟ್ಟು ನಾಲ್ಕು. ಅವು ಕಳಚಿದರೆ ಬ್ರೇಕು ಒತ್ತುವವನ ಕಾಲು ಒಂದು ಕಡೆ, ಬ್ರೇಕು ಇನ್ನೊಂದು ಕಡೆ.

ಆಕೆ ನಾಲ್ಕನ್ನೂ ತಾನೇ ಬಿಗಿದು, ಸಮಾಧಾನವಾಗಿ ಹೇಳಿದಳು: "ಸರ್, ಟ್ರ್ಯಾಕಲ್ಲಿ ಬ್ರೇಕು ಕೆಂಡದ ಹಾಗೆ ಕಾಯತ್ತೆ, ಆಮೇಲೆ ತಣಿಯತ್ತೆ. ಜೊತೆಗೆ ಅದುರೋದು ಬೇರೆ. ಬೋಲ್ಟು ತಾನಾಗೇ ಸಡಿಲ ಆಗತ್ತೆ. ಅಳತೆ ರೆಂಚಲ್ಲಿ ಬಿಗೀರಿ. ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣಕ್ಕೆ ಒಂದು ಬಣ್ಣದ ಗೆರೆ ಎಳೀರಿ. ಗೆರೆ ಮುರಿದಿದ್ರೆ ಬೋಲ್ಟು ತಿರುಗಿದೆ ಅಂತ ಅರ್ಥ, ಮತ್ತೆ ಬಿಗೀರಿ. ಕೆಲವರು ತಂತೀನೂ ಕಟ್ತಾರೆ, ಆದ್ರೆ ಅದಕ್ಕೊಂದು ಕ್ರಮ ಇದೆ..."

ಗೆರೆ ಎಂದಾಗಲೇ ಮೈದುನನ ಮುಖ ಅರಳಿತ್ತು. ತಂತಿ ಎಂದಾಗ ಅವನು ಕೈಯೆತ್ತಿ ಅವಳ ಮಾತು ನಿಲ್ಲಿಸಿದ.

"ತಂತಿ ವಿಷಯ ನನಗೆ ಹೇಳ್ಬೇಡಮ್ಮ. ಇಪ್ಪತ್ತೆಂಟು ವರ್ಷ ಸರ್ವೀಸು."

ಅಲ್ಲಿಂದ ಬಂದವನು ಹೆಂಡತಿಗೆ ಹೇಳಿದ, "ಮುಂದಿನ ತಿಂಗಳು ನೀನು ಪಕ್ಕದಲ್ಲಿ ಕೂರ್ಬೇಕು." ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಅವಳು ಅವನ ಗಾಡಿಯಲ್ಲಿ ಹಿಂದಿನ ಸೀಟು ಬಿಟ್ಟು ಮುಂದೆ ಕೂತವಳಲ್ಲ. ಈ ಸಲ ಮಾತ್ರ ಗಂಡನ ಮುಖ ನೋಡಿ, "ಬ್ರೇಕು ಸರಿ ಇದ್ರೆ ಕೂರ್ತೀನಿ," ಎಂದಳು.

ಮಾರನೆಯ ಸಂಜೆಯೇ ಅವನು ಕಾರಿನ ಪಕ್ಕ ಚಾಪೆ ಹಾಸಿಕೊಂಡು ಮಲಗಿದ. ಮೊದಲು ಮಾಡಿದ ಕೆಲಸವೆಂದರೆ, ಆ ಹೆಂಗಸು ಬಿಗಿದಿದ್ದ ನಾಲ್ಕೂ ಬೋಲ್ಟುಗಳನ್ನು ಬಿಚ್ಚಿದ್ದು.

"ಯಾಕಪ್ಪಾ, ಅವಳು ಬಿಗಿದೇ ಕೊಟ್ಟಿದ್ಳಲ್ಲ?" ಎಂದೆ.

"ಅತ್ತಿಗೆ, ಬೇರೆಯವರು ಮಾಡಿದ ಕೆಲಸಕ್ಕೆ ನನ್ನ ಸೀಲು ಹಾಕೋಕಾಗಲ್ಲ. ನಿಯಮ."

ಕಾರಿನ ಜೊತೆಗೇ ಬಂದಿದ್ದ ಗೇಣುದ್ದದ ಸ್ಪ್ಯಾನರಿನಿಂದ, ನಲ್ಲಿ ನಿಲ್ಲಿಸುವಷ್ಟು ಬಲ ಹಾಕಿ, ನಾಲ್ಕನ್ನೂ ತಿರುಗಿಸಿದ. ಆಮೇಲೆ ನಿಜವಾದ ಕೆಲಸ ಶುರುವಾಯಿತು. ಹೆಂಡತಿಯ ಕೆಂಪು ನೇಲ್ ಪಾಲಿಷಿನಿಂದ ನಾಲ್ಕು ಗೆರೆ. ಪ್ರತಿ ಬೋಲ್ಟಿನ ಕೊರಳಿಗೆ ತಂತಿ, ತಂತಿಗೆ ಸೀಸದ ಗುಂಡು, ಗುಂಡಿಗೆ ನಂಬರು. ಆಫೀಸಿನ ಸೀಸವಲ್ಲ, ತಾನೇ ಅಂಗಡಿಯಿಂದ ಕೊಂಡದ್ದು. ಆ ವಿಷಯದಲ್ಲಿ ಅವನನ್ನು ಯಾರೂ ಬೆರಳು ಮಾಡಿ ತೋರಿಸುವಂತಿಲ್ಲ. ನೋಡಲು ಚೆನ್ನಾಗಿಯೇ ಇತ್ತು. ನಾಲ್ಕು ಬೋಲ್ಟುಗಳೂ ಸರ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳಲು ಕೂತ ಅಕ್ಕತಂಗಿಯರ ಹಾಗೆ ಕಾಣುತ್ತಿದ್ದವು.

ಪಕ್ಕದ ಮನೆಯ ಡಿಪೋ ಮಾವ ಬೇಲಿಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದರು. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಮೈದುನನಿಗೂ ಅವರಿಗೂ ಇಪ್ಪತ್ತು ವರ್ಷದಿಂದ ಒಂದೇ ದಿನಪತ್ರಿಕೆ. ಬೆಳಿಗ್ಗೆ ಅವರು ಓದಿ ಮುಗಿಸಿದ ಹಾಳೆ ಬೇಲಿ ದಾಟಿ ಇತ್ತ ಬರುತ್ತದೆ, ಇವನದು ಅತ್ತ ಹೋಗುತ್ತದೆ.

"ಸೀಲಪ್ಪಾ, ಬಿಗಿ ಸರಿಯಾಗಿದ್ಯೇನೋ?"

"ಸೀಲಿದೆ ಮಾವ."

"ಸೀಲಿರ್ಲಿ ಕಣೋ. ನಾನು ಕೇಳಿದ್ದು ಬಿಗಿ."

"ಸೀಲು ಇದ್ಮೇಲೆ ಇನ್ನೇನು?"

ಡಿಪೋ ಮಾವ ತಲೆಯಾಡಿಸುತ್ತ ಒಳಗೆ ಹೋದರು.

ಮೈದುನ ಅಭ್ಯಾಸಕ್ಕೆಂದು ಪ್ರತಿ ಭಾನುವಾರ ಗೋದಾಮಿನ ಹಿಂದಿನ ಖಾಲಿ ರಸ್ತೆಯಲ್ಲಿ ಜೋರಾಗಿ ಹೋಗುವುದು, ಗಕ್ಕನೆ ಬ್ರೇಕು ಹಾಕುವುದು ಶುರುಮಾಡಿದ. ಮೊದಲ ಸೋಮವಾರ ಬೆಳಿಗ್ಗೆ ಟಾರ್ಚು ಬಿಟ್ಟು ನೋಡಿದರೆ ಗೆರೆ ಮುರಿದಿತ್ತು. ಬೋಲ್ಟಿನ ತಲೆಯ ಮೇಲಿನ ಗೆರೆ ಸ್ವಲ್ಪ ಎಡಕ್ಕೆ ಹೋಗಿತ್ತು, ಕಬ್ಬಿಣದ ಮೇಲಿನದು ಇದ್ದಲ್ಲೇ ಇತ್ತು.

ಬೇರೆ ಯಾರಾಗಿದ್ದರೂ ಬೋಲ್ಟು ಸಡಿಲವಾಗಿದೆ ಎಂದುಕೊಳ್ಳುತ್ತಿದ್ದರು. ಮೈದುನನ ಇಪ್ಪತ್ತೆಂಟು ವರ್ಷದ ಅನುಭವ ಹಾಗೆ ಹೇಳಲಿಲ್ಲ. ಅವನ ಲೋಕದಲ್ಲಿ ಗುರುತು ತಾನಾಗಿ ಕೆಡುವುದಿಲ್ಲ. ಕೆಟ್ಟಿದ್ದರೆ ಯಾರೋ ಕೈಹಾಕಿದ್ದಾರೆ.

"ಅತ್ತಿಗೆ," ಎಂದು ಅವನು ಮೆಟ್ಟಿಲ ಕೆಳಗಿನಿಂದಲೇ ಕೂಗಿದ, "ಗಾಡಿಗೆ ಯಾರೋ ಕೈ ಹಾಕಿದ್ದಾರೆ!"

ಮೀಟರಿಗೆ ಯಾರಾದರೂ ಕೈಹಾಕಿದ್ದರೆ ಸೀಲಿನವನು ಮೀಟರನ್ನು ರಿಪೇರಿ ಮಾಡುವುದಿಲ್ಲ. ಇದ್ದ ಸ್ಥಿತಿಯನ್ನು ಬರೆದುಕೊಂಡು ಹೊಸ ಗುರುತು ಹಾಕುತ್ತಾನೆ. ಮೈದುನನೂ ಹಾಗೆಯೇ ಮಾಡಿದ. ಬೋಲ್ಟನ್ನು ಮುಟ್ಟಲಿಲ್ಲ. ಅದು ಈಗ ಎಲ್ಲಿ ನಿಂತಿತ್ತೋ ಅಲ್ಲಿಗೇ ಹೊಸ ಗೆರೆ ಎಳೆದ. ಎರಡನೆಯ ಸೋಮವಾರ ಮತ್ತೆ ಮುರಿಯಿತು, ಮತ್ತೆ ಎಳೆದ. ಮೂರನೆಯ ಸೋಮವಾರ ಮತ್ತೆ. ನಾಲ್ಕು ಬೋಲ್ಟುಗಳ ತಲೆಯ ಮೇಲೂ ನಾಲ್ಕು ನಾಲ್ಕು ಗೆರೆಗಳಾದವು. ನೇಲ್ ಪಾಲಿಷಿನ ಸೀಸೆ ಬರಿದಾಯಿತು.

"ನಂಗೆ ಹೊಸದು ಬೇಕು," ಎಂದಳು ಓರಗಿತ್ತಿ.

"ತನಿಖೆ ಮುಗೀಲಿ," ಎಂದ ಗಂಡ.

ಮೂರನೆಯ ಸೋಮವಾರ ಅವನು ಮಹಜರು ಬರೆದ. ಸಾಕ್ಷಿಗಳು ನಾನು ಮತ್ತು ಆ ಹೊತ್ತಿಗೆ ಬಟ್ಟೆ ಗಂಟು ಹೊತ್ತು ಬಂದ ಇಸ್ತ್ರಿಯವನು. ಇಸ್ತ್ರಿಯವನು ಗಂಟನ್ನು ಕೆಳಗಿಳಿಸಿ, ಕಾರಿನ ಕೆಳಗೆ ಬಗ್ಗಿ, ಗೆರೆಗಳನ್ನು ಗೌರವದಿಂದ ನೋಡಿ, "ಸ್ವಾಮೀ, ಇದು ಮುಂಚೆ ಹೆಂಗಿತ್ತು ಅಂತ ನಂಗೆ ಗೊತ್ತಿಲ್ವಲ್ಲ," ಎಂದ. "ಈಗ ಹೇಗಿದೆ ಅನ್ನೋದಕ್ಕೆ ಸಾಕ್ಷಿ," ಎಂದ ಮೈದುನ. ಇಸ್ತ್ರಿಯವನು ಸಹಿ ಹಾಕಿದ. ಅವನಿಗೆ ತಡವಾಗಿತ್ತು, ಆದರೂ ಹಾಕಿದ. ಒಳ್ಳೆಯ ಮನುಷ್ಯ.

ಮಹಜರು ಹಿಡಿದು ಪೊಲೀಸ್ ಠಾಣೆಗೆ ಹೋದಾಗ ಜೊತೆಗೆ ನನ್ನನ್ನೂ ಕರೆದೊಯ್ದ. ಮೇಜಿನ ಹಿಂದೆ ಕೂತಿದ್ದ ದಫೇದಾರರು ನನಗೆ ಮೊದಲು ಕುರ್ಚಿ ಎಳೆದುಕೊಟ್ಟು, ಆಮೇಲೆ ಪೆನ್ನು ತೆಗೆದರು.

"ಏನು ಕಳುವಾಗಿದೆ?"

"ಏನೂ ಇಲ್ಲ."

"ಏನು ಮುರಿದಿದೆ?"

"ಗೆರೆ."

ದಫೇದಾರರು ಪೆನ್ನನ್ನು ಕೆಳಗಿಟ್ಟರು. "ಯಾವ ಗೆರೆ?"

"ನೇಲ್ ಪಾಲಿಷಿಂದು."

"ಯಾರದ್ದು ನೇಲ್ ಪಾಲಿಷು?"

"ನನ್ನ ಹೆಂಡತೀದು."

ಅವರು ನನ್ನ ಕಡೆ ನೋಡಿದರು. ನಾನು ಗೋಡೆಯ ಗಡಿಯಾರ ನೋಡಿದೆ. ಅವರು ಮಹಜರನ್ನು ಎರಡು ಸಲ ಓದಿ, ನಗದೆ, ಮಡಿಸಿ ಹಿಂದಿರುಗಿಸಿದರು. "ನೀವು ಮೀಟರ್ ಆಫೀಸಿನವ್ರಲ್ವಾ? ನಮ್ಮನೆ ಮೀಟರು ಯಾಕೋ ತುಂಬಾ ಓಡತ್ತೆ ಸರ್. ಒಂದ್ಸಲ ನೋಡ್ತೀರಾ? ಇದನ್ನ ನೀವೇ ಕಾದು ಹಿಡೀರಿ. ಹಿಡಿದ್ಮೇಲೆ ನಾವಿದೀವಿ."

ಕಾದು ಹಿಡಿಯುವ ಮಾತು ಮೈದುನನ ಮನಸ್ಸಿಗೆ ನಾಟಿತು. ಬುಧವಾರ ಬೆಳಗಿನ ಜಾವ ಎದ್ದು ಪರದೆಯ ಹಿಂದೆ ಸ್ಟೂಲು ಹಾಕಿಕೊಂಡು ಕೂತವನು ಅಲ್ಲೇ ತೂಕಡಿಸಿದ. ಸರಿಯಾಗಿ ಆರು ಗಂಟೆಗೆ ಬೀದಿಯಲ್ಲಿ ಅವನ ಕೂಗು ಎದ್ದಿತು.

"ಸಿಕ್ಕಿಬಿದ್ರು! ಸಿಕ್ಕಿಬಿದ್ರು!"

ನಾನು ಇಳಿದು ಬರುವಷ್ಟರಲ್ಲಿ ಅರ್ಧ ಬೀದಿ ಸೇರಿತ್ತು. ಎಡ ಮುಂದಿನ ಚಕ್ರದ ಪಕ್ಕ, ಹಳೆಯ ಗೋಣಿಚೀಲದ ಮೇಲೆ, ಕೈಯಲ್ಲಿ ಉದ್ದನೆಯ ಸ್ಪ್ಯಾನರು ಹಿಡಿದು ಡಿಪೋ ಮಾವ ಕೂತಿದ್ದರು.

"ಮಾವ, ನೀವಾ? ಇಪ್ಪತ್ತು ವರ್ಷ ಒಂದೇ ಪೇಪರ್ ಓದಿದೀವಲ್ಲ ಮಾವ!"

"ಕೂಗ್ಬೇಡ್ವೋ, ಜನ ಮಲಗಿದ್ದಾರೆ," ಎಂದರು ಡಿಪೋ ಮಾವ. ಜನ ಯಾರೂ ಮಲಗಿರಲಿಲ್ಲ. "ನಿನ್ನ ಗಾಡಿ ಗೇಟಿನ ಹತ್ರ ಬ್ರೇಕು ಹಾಕ್ದಾಗೆಲ್ಲ ಟಕ್ ಅನ್ನತ್ತೆ. ನಂಗೆ ಜಗಲೀಲಿ ಕೂತ್ರೆ ಕೇಳತ್ತೆ. ಸಡಿಲ ಇತ್ತು, ಬಿಗಿ ಮಾಡ್ತಿದ್ದೆ."

"ಸಡಿಲ ಮಾಡಿದ್ದು ಯಾರು?"

"ಅದೇ ಆಗಿದ್ದು ಕಣೋ."

"ಅದೇ ಹೇಗೆ ಆಗತ್ತೆ? ಮೂರು ಸೀಲು ಕತ್ತರಿಸಿದ್ದೀರಿ!"

"ಕತ್ತರಿಸ್ದೇ ಇದ್ರೆ ಸ್ಪ್ಯಾನರು ಹೇಗೋ ಕೂರತ್ತೆ? ನೋಡು, ಇನ್ನೂ ನಾಲ್ಕನೇದು..."

"ಸಾಕು!" ಎಂದ ಮೈದುನ. ಸಿಟ್ಟಿಗಿಂತ ದುಃಖ ಹೆಚ್ಚಾಗಿತ್ತು ಎಂದು ನನಗೆ ಅನ್ನಿಸಿತು. "ಇನ್ನೇನಿದ್ರೂ ಬರವಣಿಗೇಲಿ ಕೊಡಿ."

ಡಿಪೋ ಮಾವ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಎದ್ದರು. ಗೋಣಿಚೀಲ ಮಡಿಸಿದರು. ಬೀದಿಯವರ ಮುಖ ನೋಡದೆ ಮನೆಯೊಳಗೆ ಹೋದರು. ಎದ್ದು ನಿಲ್ಲಲು ಅವರಿಗೆ ಕೈ ಕೊಟ್ಟವಳು ನನ್ನ ಓರಗಿತ್ತಿ ಒಬ್ಬಳೇ.

ಅಂದಿನ ಮಹಜರಿನಲ್ಲಿ ಮೈದುನ ಬರೆದ: ಮೂರು ಸೀಲುಗಳನ್ನು ಕತ್ತರಿಸಲಾಗಿದೆ. ಸಕಾಲಕ್ಕೆ ತಲುಪಿದ್ದರಿಂದ ನಾಲ್ಕನೆಯದನ್ನು ಉಳಿಸಿಕೊಳ್ಳಲಾಗಿದೆ. ಕೈ ಹಾಕಿದ ಸಮಯ ಬೆಳಿಗ್ಗೆ ಆರು ಗಂಟೆ. ಆಮೇಲೆ ಸಾಕ್ಷ್ಯ ಕೆಡಬಾರದೆಂದು ಕಾರಿಗೆ ಟಾರ್ಪಾಲು ಹೊದಿಸಿ, ಭಾನುವಾರದವರೆಗೆ ಯಾರೂ ಮುಟ್ಟಕೂಡದೆಂದು ಬೋರ್ಡು ತೂಗುಹಾಕಿದ. ತಾನೂ ಮುಟ್ಟಲಿಲ್ಲ. ಆಫೀಸಿಗೆ ಬಸ್ಸಿನಲ್ಲಿ ಹೋದ.

ಗುರುವಾರ ಬೆಳಿಗ್ಗೆ ದಿನಪತ್ರಿಕೆ ಎಂದಿನಂತೆ ಬೇಲಿ ದಾಟಿ ಬಂತು. ಅದರ ಮಡಿಕೆಯಲ್ಲಿ ಅಂಟಿಸಿದ ಒಂದು ಲಕೋಟೆ ಇತ್ತು.

"ಬರವಣಿಗೇಲಿ ಕೊಟ್ಟಿದ್ದಾರೆ," ಎಂದ ಮೈದುನ. "ತಪ್ಪೊಪ್ಪಿಗೆ ಇರ್ಬೇಕು."

"ತೆಗ್ದು ನೋಡೋ ಹಾಗಾದ್ರೆ," ಎಂದೆ.

"ಛೆ, ದಾಖಲೆ ಅತ್ತಿಗೆ. ಟ್ರ್ಯಾಕಿನ ಆ ತಪಾಸಣೆಯವಳ ಎದುರಿಗೇ ಒಡೀಬೇಕು. ಅವಳು ಮೂರನೆಯವಳು, ಯಾರ ಕಡೆಯವಳೂ ಅಲ್ಲ." ಲಕೋಟೆಗೂ ತಂತಿ ಸುತ್ತಿ ಸೀಲು ಒತ್ತಿದ. ಮೇಲೆ ನಾನು ಸಾಕ್ಷಿ ಸಹಿ ಹಾಕಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಕಾಲೇಜು ಮೆಟ್ಟಿಲು ಹತ್ತಿದವಳು ನಾನು, ನನಗಾದರೂ ಬುದ್ಧಿ ಬೇಡವೇ?

ಭಾನುವಾರ ನಾವು ಹೊರಟೆವು. ಓರಗಿತ್ತಿ ಮಾತು ಕೊಟ್ಟಿದ್ದಂತೆ ಮುಂದಿನ ಸೀಟಿನಲ್ಲಿ ಕೂತಿದ್ದಳು, ಲಕೋಟೆ ಮಡಿಲಲ್ಲಿ. ನಾನು ಸಾಕ್ಷಿಯೆಂದು ಹಿಂದೆ. ಸಾಕ್ಷ್ಯ ಅಲುಗಬಾರದೆಂದು ಮೈದುನ ಸೈಕಲ್ಲಿನವರಿಗೂ ದಾರಿ ಬಿಡುತ್ತ ಓಡಿಸಿದ. ನಮ್ಮ ಹಿಂದೆ ಒಂದು ಬಸ್ಸು. ರಸ್ತೆ ಅಗಲವಾಗಿಯೇ ಇತ್ತು, ಆದರೂ ಅದು ನಮ್ಮನ್ನು ದಾಟಿ ಹೋಗಲಿಲ್ಲ. ನಾವು ನಿಧಾನಿಸಿದರೆ ಅದೂ ನಿಧಾನಿಸಿತು. ಒಳಗಿನ ಪ್ರಯಾಣಿಕರು ಕಿಟಕಿಯಿಂದ ತಲೆ ಹಾಕಿ ನಮ್ಮ ವಂಶವನ್ನೆಲ್ಲ ನೆನೆಯುತ್ತಿದ್ದರು.

"ನೋಡಿದ್ರಾ ಅತ್ತಿಗೆ," ಎಂದ ಮೈದುನ ಕನ್ನಡಿಯಲ್ಲಿ ನೋಡುತ್ತ. "ಶಿಸ್ತಾಗಿ ಓಡಿಸಿದ್ರೆ ಬಸ್ಸಿನವರಿಗೂ ಗೌರವ ಬರತ್ತೆ."

ಟ್ರ್ಯಾಕಿನ ಶೆಡ್ಡಿನಲ್ಲಿ ಅದೇ ಹೆಂಗಸು ಕಾರಿನ ಮುಂಭಾಗವನ್ನು ಜಾಕಿನಿಂದ ಎತ್ತಿ, ಚಕ್ರ ಬಿಚ್ಚಿ, ದೀಪ ಹಿಡಿದಳು. ಬೋಲ್ಟಿನ ತಲೆಯ ಗೆರೆಗಳನ್ನು ಎಣಿಸಿದಳು.

"ಸರ್, ಈ ಬೋಲ್ಟಿನ ಮೇಲೆ ಗಡಿಯಾರ ಯಾಕೆ ಬರೆದಿದ್ದೀರಿ?"

ಮೈದುನ ಮಹಜರುಗಳನ್ನು ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿದ. ಆಕೆ ತಾಳ್ಮೆಯಿಂದ ಕೇಳಿದಳು.

"ಅಂದ್ರೆ ಗೆರೆ ಮುರಿದಾಗೆಲ್ಲ ನೀವು ಬಿಗೀಲಿಲ್ಲ. ಹೊಸ ಗೆರೆ ಎಳೆದ್ರಿ."

"ಇದ್ದ ಸ್ಥಿತಿಗೆ."

"ಸರಿ. ಈಗ ಇದನ್ನ ನೋಡಿ. ನಾಲ್ಕೂ ಗೆರೆ ಕಬ್ಬಿಣದ ಗೆರೆಗಿಂತ ಬಲಕ್ಕಿವೆ. ನಿಮ್ಮ ಮೊದಲನೇ ಗೆರೇನೂ ಬಲಕ್ಕೆ ಹೋಗಿದೆ. ಬಲಕ್ಕೆ ಅಂದ್ರೆ ಬಿಗಿ. ನೀವು ಬಿಗಿದಿದ್ದಕ್ಕಿಂತ ಹೆಚ್ಚು ಯಾರೋ ಬಿಗಿದಿದ್ದಾರೆ." ಆಕೆ ತನ್ನ ಅಳತೆ ರೆಂಚು ಹಾಕಿದಳು. ಬೇಕಾದಷ್ಟು ಬಿಗಿಯಿದ್ದರೆ ಟಕ್ ಎನ್ನುವ ರೆಂಚದು. ಬೋಲ್ಟು ಕೂದಲೆಳೆಯಷ್ಟೂ ಅಲುಗದೆ ಟಕ್ ಎಂದಿತು. ಎರಡನೆಯದು, ಟಕ್. ಮೂರನೆಯದು, ಟಕ್. "ಬರೀ ಸ್ಪ್ಯಾನರಲ್ಲಿ ಇಷ್ಟು ಸರಿಯಾಗಿ? ಯಾರ ಕೈ ಸರ್ ಇದು?"

ಆಕೆ ಎಡ ಚಕ್ರದ ಕೆಳಗಿನ ಬೋಲ್ಟಿಗೆ ಕೈ ಚಾಚಿದಾಗ ಮೈದುನ ಅಭ್ಯಾಸಬಲದಿಂದ ಹೇಳಿದ, "ಅದೊಂದು ಬೇಡಮ್ಮ. ಅದು ಭದ್ರವಾಗಿದೆ. ಸೀಲು ನೋಡಿ, ಹಾಗೇ ಇದೆ."

ಆಕೆ ಎರಡು ಬೆರಳಲ್ಲಿ ಬೋಲ್ಟನ್ನು ಹಿಡಿದು ತಿರುಗಿಸಿದಳು. ಅದು ತಿರುಗಿತು. ಸೀಲು ಸ್ವಲ್ಪವೂ ಹರಿಯಲಿಲ್ಲ. ಹೊಳೆಯುವ ಸೀಸದ ಗುಂಡು, ಸ್ಪಷ್ಟವಾದ ನಂಬರು, ಅದರೊಳಗೆ ಸಲೀಸಾಗಿ ತಿರುಗುವ ಬೋಲ್ಟು.

ಓರಗಿತ್ತಿ ಚೀಲದಿಂದ ಕತ್ತರಿ ತೆಗೆದು ಲಕೋಟೆಯ ತಂತಿ ಕತ್ತರಿಸಿ, ಒಳಗಿನ ಚೀಟಿಯನ್ನು ಗಟ್ಟಿಯಾಗಿ ಓದಿದಳು.

"ಸೀಲಪ್ಪಾ, ಮೂರು ಆಯಿತು. ಎಡ ಚಕ್ರದ ಕೆಳಗಿನದು ಉಳಿದಿದೆ. ಅದೇ ಎಲ್ಲಕ್ಕಿಂತ ಸಡಿಲ. ಅದನ್ನು ಬಿಗಿಯದೆ ಗಾಡಿ ತೆಗೆಯಬೇಡ. ನರ್ಸಮ್ಮ ಮುಂದೆ ಕೂರುತ್ತಾಳೆ ಅಂತ ಕೇಳಿದೆ. ನನ್ನ ಮೇಲೆ ಸಿಟ್ಟಿದ್ದರೆ ಬೇರೆಯವರ ಹತ್ತಿರವಾದರೂ ಮಾಡಿಸು."

ಮೈದುನ ಹೆಂಡತಿಯ ಮುಖ ನೋಡಿದ. ಅವಳು ಕೂತು ಬಂದ ಸೀಟು ನೋಡಿದ. ಅದರ ಮುಂದೆಯೇ ಇದ್ದ ಆ ಚಕ್ರ ನೋಡಿದ. ಆಮೇಲೆ ಎರಡೂ ಮಹಜರುಗಳನ್ನು ಮಡಿಸಿ ಜೇಬಿಗಿಡಲು ಹೋದ, ಜೇಬು ಸಿಗಲಿಲ್ಲ.

"ಒಳಗೆ ಬಿಡ್ತಾರೇನಮ್ಮ?" ಎಂದು ಶೆಡ್ಡಿನ ಬಾಗಿಲಲ್ಲಿ ಯಾರೋ ಕೇಳಿದರು.

ಡಿಪೋ ಮಾವ ನಿಂತಿದ್ದರು. ಕೈಯಲ್ಲಿ ಬಟ್ಟೆ ಚೀಲ, ಚೀಲದಿಂದ ಹೊರಗೆ ಇಣುಕುತ್ತಿದ್ದ ಉದ್ದನೆಯ ಸ್ಪ್ಯಾನರು. ನಮ್ಮ ಹಿಂದೆ ಅಷ್ಟು ದೂರ ಶಿಸ್ತಾಗಿ ಬಂದ ಬಸ್ಸಿನ ಡ್ರೈವರು ಅವರ ಕಾಲದಲ್ಲಿ ಡಿಪೋಗೆ ಸೇರಿದವನಂತೆ. ಆ ಗಾಡಿಯನ್ನು ದಾಟಬೇಡ, ಹಿಂದೆಯೇ ಇರು ಎಂದು ಅವರೇ ಹೇಳಿದ್ದರಂತೆ.

"ಬರವಣಿಗೇಲಿ ಕೊಟ್ಟಿದ್ದೆ," ಎಂದರು.

"ಓದಲಿಲ್ಲ ಮಾವ. ಸೀಲು ಹಾಕಿಟ್ಟಿದ್ದೆ."

"ಹಾಗೇ ಮಾಡ್ತೀಯ ಅಂತ ಗೊತ್ತಿತ್ತು. ಅದಕ್ಕೇ ಬಸ್ಸು ಹತ್ತಿದೆ." ಅವರು ಚೀಲದಿಂದ ಒಂದು ಬೆಂಕಿಪೊಟ್ಟಣ ತೆಗೆದು ಅವನ ಕೈಗೆ ಕೊಟ್ಟರು. ಒಳಗೆ ಬುಧವಾರ ಕತ್ತರಿಸಿದ್ದ ಮೂರು ಸೀಸದ ಗುಂಡುಗಳು ಹತ್ತಿಯ ಮೇಲೆ ಮಲಗಿದ್ದವು. "ನಿನ್ನ ನಂಬರಿದೆ. ಬೀದೀಲಿ ಬಿದ್ದು ಯಾರಾದ್ರೂ ತಪ್ಪು ತಿಳ್ಕೋಬಾರ್ದು ಅಂತ ಎತ್ತಿಟ್ಟೆ."

ಮೈದುನ ಇಕ್ಕಳ ತೆಗೆದುಕೊಂಡು, ತಾನೇ ಬಗ್ಗಿ, ನಾಲ್ಕನೆಯ ಸೀಲನ್ನು ಕತ್ತರಿಸಿದ. ಇಪ್ಪತ್ತೆಂಟು ವರ್ಷದಲ್ಲಿ ತನ್ನ ಸೀಲನ್ನು ತಾನೇ ಕತ್ತರಿಸಿದ್ದು ಅದೇ ಮೊದಲು. ಗುಂಡನ್ನು ಬೆಂಕಿಪೊಟ್ಟಣಕ್ಕೆ ಹಾಕಿ ಪಕ್ಕಕ್ಕೆ ಸರಿದ. ತಪಾಸಣೆಯವಳು ತನ್ನ ರೆಂಚು ಚಾಚಿದಳು. "ಮೊದಲು ನಂದರಲ್ಲಿ ಮಾಡ್ತೀನಮ್ಮ, ಆಮೇಲೆ ನೀನು ನೋಡು," ಎಂದರು ಡಿಪೋ ಮಾವ. ಒಮ್ಮೆ ಉಸಿರು ಬಿಗಿಹಿಡಿದು ಎಳೆದರು. ಆಕೆ ರೆಂಚು ಹಾಕಿದಳು. ಟಕ್.

ಗೆರೆಯನ್ನು ಓರಗಿತ್ತಿ ಎಳೆದಳು, ಹೊಸ ಸೀಸೆಯಿಂದ. ನಾಲ್ಕೂ ಬೋಲ್ಟಿನ ಹಳೆಯ ಗೆರೆಗಳನ್ನು ಒರೆಸಿ, ಒಂದಕ್ಕೆ ಒಂದೇ. ಆಪರೇಷನ್ನಿಗೆ ಮುಂಚೆ ಕತ್ತರಿ, ಹತ್ತಿ ಎಣಿಸುವ ದನಿಯಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಜೋರಾಗಿ ಎಣಿಸಿದಳು. "ಬಂದ್ಮೇಲೆ ಮತ್ತೆ ಎಣಿಸ್ಬೇಕು," ಎಂದು ಗಂಡನಿಗೆ ಹೇಳಿ, ಹೆಲ್ಮೆಟ್ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತಳು.

ಅವರು ಮೂರು ಸುತ್ತು ಹೊಡೆದು ಬಂದರು. ಎಲ್ಲರಿಗಿಂತ ಹಿಂದೆ ಇದ್ದರು ಎಂಬುದನ್ನು ನಾನು ಇಲ್ಲಿ ಬರೆಯಬಾರದು. ಬ್ರೇಕು ಮಾತ್ರ ಅದ್ಭುತವಾಗಿ ಕೆಲಸ ಮಾಡಿತು. ಬೇಕಿಲ್ಲದ ಕಡೆಯೂ ಮಾಡಿತು. ಇಳಿದ ಕೂಡಲೇ ಓರಗಿತ್ತಿ ಟಾರ್ಚು ಹಿಡಿದು ಬಗ್ಗಿದಳು. ಒಂದು, ಎರಡು, ಮೂರು, ನಾಲ್ಕು. ಗೆರೆಗಳು ನೆಟ್ಟಗಿದ್ದವು.

ಆಮೇಲೆ ಮೈದುನ ಬುಧವಾರದ ಮಹಜರನ್ನು ಕಾರಿನ ಬಾನೆಟ್ಟಿನ ಮೇಲೆ ಹರಡಿ, ಕೆಳಗೆ ಒಂದು ಸಾಲು ಸೇರಿಸಿದ: ಕೈ ಹಾಕಿದ್ದು ನಿಜ. ಹಾಕಿದ ಕೈ ಬಿಗಿ ಮಾಡಿದೆ. ಅಡ್ಡ ಬಂದವನು ನಾನು. ಸಹಿ ಹಾಕಿ, ಪೆನ್ನನ್ನು ಡಿಪೋ ಮಾವನಿಗೆ ಕೊಟ್ಟ.

ಡಿಪೋ ಮಾವ ಕನ್ನಡಕ ಹಾಕಿಕೊಂಡು ಮೊದಲಿನಿಂದ ಓದಿದರು. ಒಂದು ಕಡೆ ಬೆರಳಿಟ್ಟು ನಿಲ್ಲಿಸಿದರು.

"ಆರು ಗಂಟೆ ಅಂತ ಬರೆದಿದ್ದೀಯ," ಎಂದರು. "ತಪ್ಪು ಕಣೋ. ನಾನು ಬಂದಾಗ ಐದೂಕಾಲು. ಆರು ಗಂಟೆಗೆ ಬಂದಿದ್ರೆ ಮೂರು ಬೋಲ್ಟು ಹೇಗೋ ಮುಗೀತಿತ್ತು?"

ಮೈದುನ ಆರನ್ನು ಹೊಡೆದುಹಾಕಿ ಐದೂಕಾಲು ಎಂದು ತಿದ್ದಿದ. ಡಿಪೋ ಮಾವ ಸಹಿ ಹಾಕಿದರು.